ಡರ್ಬನ್ನಿನ ಆಟ, ಕುಲಗೋಡದ ಜೋಳ

ನನಗೊಂದು ಚಟವಿದೆ. ರೇಡಿಯೋದಲ್ಲಿ ಕ್ರಿಕೆಟ್ಟಿನ ಕಾಮೆಂಟರಿ ಶುರುವಾಯಿತೆಂದರೆ, ಕುರ್ಚಿಯಲ್ಲಿ ಕೂರುವ ಮೊದಲು ಅಂಗಿಯ ಕಿಸೆಗಳನ್ನೆಲ್ಲ ಒಮ್ಮೆ ತಡವಿ ನೋಡಿಕೊಳ್ಳುತ್ತೇನೆ. ಎದೆಯ ಕಿಸೆ, ಬಗಲ ಕಿಸೆ, ಕೋಟು ಗೂಟಕ್ಕೆ ನೇತಾಡುತ್ತಿದ್ದರೆ ಅದರ ಒಳಕಿಸೆ ಕೂಡ. “ಅಜ್ಜಾ, ಚಷ್ಮಾ ಹುಡುಕಾಕತ್ತಿ ಏನು? ಮೂಗಿನ ಮ್ಯಾಲೇ ಐತಲ್ಲ!” ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ ಬಿಡಿ. ನಾನು ಹುಡುಕುವುದು ಚಷ್ಮಾವನ್ನಲ್ಲ ಎಂದು ಅವರಿಗೆ ಹೇಳಿಲ್ಲ. ನಿಮಗೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು, ನಾನು ದಕ್ಷಿಣ ಆಫ್ರಿಕಾದ ಕಟ್ಟಾ ಅಭಿಮಾನಿಯಾಗಿದ್ದ ಕಾಲದ ಕತೆ ಕೇಳಬೇಕು.

ಹುಕ್ಕೇರಿಯ ಸಾಲಿಯಲ್ಲಿ ನಮಗೆ ಕ್ರಿಕೆಟ್ ಕಲಿಸಿದ ಮಾಸ್ತರರು ಬೆಳಗಾವಿಯಲ್ಲಿ ಓದಿ ಬಂದವರು. ಕ್ಯಾಂಪಿನ ಬಿಳಿ ಸಿಪಾಯಿಗಳ ಆಟವನ್ನು ದೂರದಿಂದ ನೋಡಿದ್ದರು. ದೂರದಿಂದ ನೋಡಿದ್ದರಿಂದ ಅವರಿಗೆ ಅರ್ಧ ನಿಯಮಗಳಷ್ಟೇ ಕಂಡಿದ್ದವು. ಉಳಿದರ್ಧವನ್ನು ಅವರೇ ಕಟ್ಟಿಕೊಂಡಿದ್ದರು. ಬೇವಿನ ಹಲಗೆಯೇ ಬ್ಯಾಟು. ಚಿಂದಿ ಸುತ್ತಿ, ಮೇಲೆ ಹುಣಸೆಬೀಜದ ಅಂಟು ಬಳಿದು ಒಣಗಿಸಿದ್ದು ಚೆಂಡು. ಎರಡು ಏಟು ಬಿದ್ದರೆ ಅಂಟು ಕಿತ್ತು, ಚೆಂಡು ಬಾಲ ಬಿಟ್ಟುಕೊಂಡು ಹಾರುತ್ತಿತ್ತು. ನನ್ನನ್ನು ಯಾವಾಗಲೂ ವಿಕೆಟ್ಟಿನ ಹಿಂದೆ ನಿಲ್ಲಿಸುತ್ತಿದ್ದರು. ಕೈ ಚುರುಕೆಂದು ನಾನು ತಿಳಿದಿದ್ದೆ. ಅಲ್ಲಿ ನಿಂತರೆ ಚೆಂಡು ತಪ್ಪಿದರೂ ನನ್ನ ಹೊಟ್ಟೆಗೆ ಬಡಿದು ನಿಲ್ಲುತ್ತದೆ ಎಂಬುದು ಮಾಸ್ತರರ ಲೆಕ್ಕ ಎಂದು ಆಮೇಲೆ ಗೊತ್ತಾಯಿತು.

ಆಗ ನಮ್ಮ ತಿಳಿವಳಿಕೆ ಬಹಳ ಸರಳವಾಗಿತ್ತು. ಇಂಗ್ಲೆಂಡಿನ ಎದುರಿಗೆ ಯಾರು ನಿಂತರೂ ಅವರು ನಮ್ಮವರು. ದಕ್ಷಿಣ ಆಫ್ರಿಕಾದವರು ಇಂಗ್ಲೆಂಡಿಗೇ ಹೋಗಿ, ಅವರ ಅಂಗಳದಲ್ಲೇ ಅವರನ್ನು ಸೋಲಿಸಿದರು ಎಂಬ ಸುದ್ದಿ ಮುಂಬಯಿ ಪೇಪರಿನಲ್ಲಿ ಎರಡು ದಿನ ತಡವಾಗಿ ಬಂದಾಗ, ನಾನು ಬಜಾರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಬೆಲ್ಲ ಹಂಚಿದ್ದೆ. “ಯಾರ ಮನ್ಯಾಗ ಕೂಸು ಹುಟ್ಟೈತ್ರಿ?” ಎಂದು ಕೇಳಿದವರಿಗೆ ಉತ್ತರ ಹೇಳುವಷ್ಟರಲ್ಲಿ ಸಾಕಾಯಿತು.

ಇಪ್ಪತ್ನಾಲ್ಕನೆಯ ವಯಸ್ಸಿಗೆ ನನಗೆ ಗೋಕಾಕದ ಹತ್ತಿರ ಕಾಲುವೆ ಆಫೀಸಿನಲ್ಲಿ ಕಾರಕೂನನ ಕೆಲಸ ಸಿಕ್ಕಿತು. ಘಟಪ್ರಭೆಯ ಒಡ್ಡಿನಿಂದ ಹೊರಟ ಕಾಲುವೆಯ ದಂಡೆಗೆ ಸಾಹೇಬರ ಬಂಗಲೆ, ಅದರ ಪಡಸಾಲೆಯ ಒಂದು ಬದಿಗೇ ಆಫೀಸು. ಸಾಹೇಬರು ಇಂಗ್ಲಿಷರು, ಎತ್ತರದ ಆಸಾಮಿ, ಮೂಗು ಒಂದು ಕಡೆಗೆ ವಾಲಿತ್ತು. ಗೋಡೆಯ ಮೇಲೆ ಕೆಸರಿನಲ್ಲಿ ಮಿಂದ ಹದಿನೈದು ಜನರ ಫೋಟೋ ಇತ್ತು. ರಗ್ಬಿ ಆಡುವವರ ತಂಡವಂತೆ. ಸಾಹೇಬರ ಮೂಗು ವಾಲಿದ್ದೂ ಆ ಆಟದಲ್ಲೇ ಅಂತೆ.

ಈ “ಅಂತೆ”ಗಳನ್ನೆಲ್ಲ ನನಗೆ ಒದಗಿಸುತ್ತಿದ್ದವನು ಬಂಗಲೆಯ ಅಡಿಗೆಯವ ಮೀರಾಸಾಬ ಕಾಕಾ. ಗೋಕಾಕದವನೇ. ಪ್ರಾಯದಲ್ಲಿ ಮುಂಬಯಿಗೆ ಓಡಿಹೋಗಿ, ಹಡಗಿನಲ್ಲಿ ಅಡಿಗೆಗೆ ಸೇರಿ, ಡರ್ಬನ್ ಎಂಬ ಊರಲ್ಲಿ ಇಳಿದು, ಒಂಬತ್ತು ವರ್ಷ ಅಲ್ಲಿನ ಹೋಟೆಲಿನಲ್ಲಿ ದುಡಿದು ಬಂದಿದ್ದ. ಎರಡೂ ಆಟವನ್ನು ಕಣ್ಣಾರೆ ಕಂಡವನೆಂದರೆ ನಮ್ಮ ಸೀಮೆಯಲ್ಲಿ ಅವನೊಬ್ಬನೇ. ಅಡಿಗೆಮನೆಯ ನೆಲದ ಮೇಲೆ ಶೇಂಗಾ ಹರವಿ, ಯಾವ ಆಳು ಎಲ್ಲಿ ನಿಲ್ಲುತ್ತಾನೆಂದು ನನಗೆ ಕ್ರಿಕೆಟ್ ಕಲಿಸಿದ. ರಗ್ಬಿಗೆ ಒಂದು ಪಪ್ಪಾಯಿ ತೆಗೆದುಕೊಂಡ.

“ಚೆಂಡು ಹಿಂಗಿರತೈತಿ ನೋಡು, ತತ್ತಿ ಹಂಗ. ಇದನ್ನ ಬಗಲಾಗ ಹಿಡಕೊಂಡು ಮುಂದ ಓಡಬೇಕು. ಖರೆ, ಒಗಿಯೂದಾದ್ರ ಹಿಂದಿನಾಂವಗ ಒಗೀಬೇಕು. ಮುಂದಿನಾಂವಗ ಒಗದ್ರ ತಪ್ಪು.”

“ಇದೆಂಥಾ ಆಟ ಕಾಕಾ! ಹುತುತು ಮತ್ತ ಕುಸ್ತಿ ಕೂಡಿ ಹಡದ ಕೂಸು ಇದ್ದಂಗೈತಿ.”

“ಅದನ್ನ ಆಡೂದ್ರಾಗ ಆಫ್ರಿಕಾದ ಬಿಳೇರು ಹೋರಿಗಳು, ತಮ್ಮಾ. ಇಂಗ್ಲಿಷರು ಅವರ ಮುಂದ ಕರ.”

ಅಷ್ಟು ಸಾಕಾಯಿತು. ಅಂದಿನಿಂದ ನಾನು ರಗ್ಬಿಯಲ್ಲೂ ಅವರ ಕಡೆ. ಎರಡು ಆಟದಲ್ಲಿ ಒಂದನ್ನೂ ನಾನು ಸರಿಯಾಗಿ ನೋಡಿದವನಲ್ಲ, ಹಾಗಾಗಿ ನನ್ನ ಅಭಿಪ್ರಾಯಗಳು ಬಹಳ ಗಟ್ಟಿಯಾಗಿದ್ದವು. ಅವರ ಕ್ರಿಕೆಟ್ಟು ಎರೆಹೊಲದ ಒಕ್ಕಲುತನ, ಅವಸರವಿಲ್ಲ, ಒಮ್ಮೆ ಊರಿದ ಕಾಲು ಕೀಳುವುದಿಲ್ಲ. ಅವರ ರಗ್ಬಿ ಎಂದರೆ ಮೂಗುದಾರ ಕಿತ್ತ ಎತ್ತು. ಗೋಕಾಕದ ಚಹಾದಂಗಡಿಯಲ್ಲಿ ಇದನ್ನು ನಾನು ಹೇಳುವ ಠೀವಿ ನೋಡಿದವರು, ನಾನೇ ಡರ್ಬನ್ನಿನಿಂದ ಇಳಿದು ಬಂದವನೆಂದು ತಿಳಿಯಬೇಕು.

ಮಹಾಯುದ್ಧ ಶುರುವಾಗುವುದಕ್ಕೆ ಆರು ತಿಂಗಳ ಮುಂಚಿನ ಮಾತು. ಇಂಗ್ಲೆಂಡಿನ ತಂಡ ಡರ್ಬನ್ನಿನಲ್ಲಿ ಆಡಲು ಇಳಿದಿತ್ತು. ಆ ಆಟಕ್ಕೆ ದಿನದ ಗಡುವೇ ಇರಲಿಲ್ಲ. ಯಾರಾದರೊಬ್ಬರು ಗೆಲ್ಲುವ ತನಕ ಆಡುವುದು ಎಂದು ಠರಾವಾಗಿತ್ತು. ಸಾಹೇಬರ ಹತ್ತಿರ ಬ್ಯಾಟರಿ ರೇಡಿಯೋ ಇತ್ತು. ದೀಪ ಹಚ್ಚುವ ಹೊತ್ತಿಗೆ ಲಂಡನ್ನಿನ ಸುದ್ದಿ ಬರುತ್ತಿತ್ತು. ನಾನು ಕೆಲಸ ಮುಗಿದರೂ ಅಡಿಗೆಮನೆಯ ಕಿಟಕಿಯ ಕೆಳಗೆ ನಿಂತು, ಒಳಗಿನ ಕರಕರ ಸದ್ದಿನ ನಡುವೆ ಅಂಕಿಗಳನ್ನು ಹೆಕ್ಕಿಕೊಳ್ಳುತ್ತಿದ್ದೆ.

ಆರನೆಯ ದಿನದ ಆಟ. ಗುರುವಾರ. ಸಾಹೇಬರು ಸಂಜೆ ಒಂದು ಚೀಟಿ ಬರೆದು ನನ್ನ ಕೈಗಿತ್ತರು. ಕುಲಗೋಡದ ಕಡೆಗೆ ಹೋಗುವ ಕವಲುಕಾಲುವೆಯ ದಂಡೆಯಲ್ಲಿ ಏಡಿಗಳು ಬಿಲ ತೋಡಿ ಮಣ್ಣು ಸಡಿಲಾಗಿತ್ತು, ಮರುದಿನ ರಿಪೇರಿ ಆಗಬೇಕಿತ್ತು, ಅಲ್ಲಿಯವರೆಗೆ ನೀರು ಕಡಿಮೆ ಮಾಡಬೇಕು. ಚೀಟಿ ಮುಟ್ಟಬೇಕಾದ್ದು ಆ ಕಾಲುವೆಗೆ ನೀರು ಬಿಡುವ ಗೇಟಿನ ಲಕ್ಕಪ್ಪನಿಗೆ. ಲಕ್ಕಪ್ಪ ಕುರುಬರವನು, ಹೆಗಲಿಗೆ ಸದಾ ಕಂಬಳಿ, ಹನ್ನೊಂದು ವರ್ಷದಿಂದ ಆ ಗೇಟು ಕಾಯುತ್ತಿದ್ದ. ಅವನಿಗೆ ಓದು ಬಾರದೆಂದು ಸಾಹೇಬರು ಅಕ್ಷರದ ಕೆಳಗೆ ಒಂದು ಬಾಣ ಬರೆದು, ಪಕ್ಕದಲ್ಲಿ ಗೀಟು ಎಳೆಯುತ್ತಿದ್ದರು. ಬಾಣ ಕೆಳಮುಖವಾದರೆ ಗೇಟು ಇಳಿಸಬೇಕು. ಎಷ್ಟು ಗೀಟೋ ಅಷ್ಟು ಬೆರಳಗಲ. ಅಂದಿನ ಚೀಟಿಯಲ್ಲಿ ನಾಲ್ಕು ಗೀಟಿತ್ತು. ನನ್ನ ಬಾಡಿಗೆ ಮನೆಯ ದಾರಿಯಲ್ಲೇ ಆ ಗೇಟು. ಸೈಕಲ್ ಇಳಿಯದೆಯೇ ಕೊಟ್ಟು ಹೋಗಬಹುದು.

ಚೀಟಿಯನ್ನು ಕಿಸೆಗೆ ಹಾಕಿಕೊಂಡೆ. ಒಂದೇ ನಿಮಿಷ ಎಂದು ಕಿಟಕಿಯ ಕೆಳಗೆ ನಿಂತೆ. ಇಂಗ್ಲೆಂಡು ಗೆಲ್ಲಬೇಕಾದರೆ ಆರು ನೂರಾ ತೊಂಬತ್ತಾರು ರನ್ನು ಮಾಡಬೇಕು ಎಂದಿತು ರೇಡಿಯೋ.

ಆರು ನೂರಾ ತೊಂಬತ್ತಾರು! ಯಾರೂ ಅಷ್ಟು ಬೆನ್ನಟ್ಟಿದ್ದು ಕೇಳಿರಲಿಲ್ಲ. ಮೈಯಲ್ಲಿ ಗಾಳಿ ಹೊಕ್ಕಂತಾಯಿತು. ಸೈಕಲ್ಲನ್ನು ಮನೆಯ ಕಡೆಗೆ ತಿರುಗಿಸಬೇಕಾದವನು ಗೋಕಾಕದ ಕಡೆಗೆ ತಿರುಗಿಸಿದೆ. ಚಹಾದಂಗಡಿಯಲ್ಲಿ ಬೆಂಚು ಹತ್ತಿ ನಿಂತು ಅಂಕಿ ಸಾರಿದೆ. ಗೇಟಿನ ಕಡೆ ಹಾಯದೆ ಅತ್ತಲಿಂದಲೇ ಮನೆಗೆ ಬಂದು ಉಂಡು ಮಲಗಿದೆ. ಕನಸಿನಲ್ಲೂ ನಾವೇ ಗೆದ್ದೆವು.

ಬೆಳಿಗ್ಗೆ ಆಫೀಸಿಗೆ ಹೋದಾಗ ಪಡಸಾಲೆಯ ಮುಂದೆ ಜನ ನಿಂತಿದ್ದರು. ದಂಡೆ ಒಡೆದಿತ್ತು. ಕುಲಗೋಡದ ಕಡೆ ಸುಗ್ಗಿ ಮುಗಿಯುತ್ತ ಬಂದಿದ್ದ ಹೊತ್ತು, ಕಣಗಳಲ್ಲಿ ಬಿಳಿಜೋಳದ ತೆನೆ ರಾಶಿ ಬಿದ್ದಿತ್ತು. ಐದಾರು ಕಣಗಳೊಳಗೆ ಮೊಣಕಾಲ ಮಟ ನೀರು. ಸಾಹೇಬರು ಲಕ್ಕಪ್ಪನ ಮೇಲೆ ಕೂಗುತ್ತಿದ್ದರು.

“ಚೀಟಿ ಬಂದಿಲ್ರಿ ಸಾಹೇಬ್ರ. ಬಂದಿದ್ರ ನಾ ಇಳಸದಽ ಇರ್ತಿದ್ದೆನೇನ್ರಿ?” ಎಂದ ಲಕ್ಕಪ್ಪ.

ಸಾಹೇಬರು ನನ್ನ ಕಡೆಗೆ ತಿರುಗಿ, ಚೀಟಿ ಮುಟ್ಟಿಸಿದೆಯಾ ಎಂದು ಕೇಳಿದರು.

ನನ್ನ ಕೈ ಎದೆಯ ಕಿಸೆಗೆ ಹೋಯಿತು. ಅಂದು ತೊಟ್ಟದ್ದು ಬೇರೆ ಅಂಗಿ. ಕಿಸೆ ಖಾಲಿ. ನಾನು ತಲೆಯಾಡಿಸಿದೆ. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ, ಸಿಟ್ಟಿನಲ್ಲಿದ್ದವರಿಗೆ ಹೌದೆಂದು ಕಾಣುವಂಥ ತಲೆಯಾಟ. ಅವರಿಗೆ ಹೌದೆಂದೇ ಕಂಡಿತು. ಲಕ್ಕಪ್ಪನನ್ನು ಕೆಲಸದಿಂದ ನಿಲ್ಲಿಸಿ, ಮಂಗಳವಾರ ವಿಚಾರಣೆ ಎಂದರು. ಲಕ್ಕಪ್ಪ ನನ್ನನ್ನೇ ನೋಡುತ್ತ ನಿಂತ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನೆನಪು ಮಾಡಿಕೊಳ್ಳುವವರ ನೋಟ ಅದು. ಕಾರಕೂನರು ಕೊಟ್ಟಿದ್ದರೇ, ನಾನೇ ಮರೆತೆನೇ ಎಂದು.

ಮನೆಗೆ ಬಂದರೆ ಹೆಂಡತಿ ಗಂಗವ್ವ ಒಗೆಯುವ ಬಟ್ಟೆಯ ಪಕ್ಕದಲ್ಲಿ ಕುಳಿತಿದ್ದಳು. ಕೈಯಲ್ಲಿ ಚೀಟಿ.

“ಇದು ನಿಮ್ಮ ನಿನ್ನಿನ ಅಂಗ್ಯಾಗ ಇತ್ರಿ. ಬಾಣ ಕೆಳಗ ಮುಖ ಮಾಡೈತಿ. ನಾಕು ಗೀಟು.” ಅವಳಿಗೂ ಓದು ಬರುತ್ತಿರಲಿಲ್ಲ. ಆದರೆ ಲಕ್ಕಪ್ಪನ ಹೆಂಡತಿ ಅವಳ ಗೆಳತಿ, ಬಾಣದ ಭಾಷೆ ಗೊತ್ತಿತ್ತು. “ಲಕ್ಕಪ್ಪಣ್ಣನ ಮನ್ಯಾಗ ಒಲಿ ಹಚ್ಚಿಲ್ಲ. ಏನ್ ಮಾಡ್ತೀರಿ?”

“ಹೇಳ್ತೀನಿ. ಸಾಹೇಬರ ಸಿಟ್ಟು ಇಳೀಲಿ.”

“ಎಂದ ಇಳೀತೈತ್ರಿ?”

ಅದಕ್ಕೆ ನನ್ನಲ್ಲಿ ಉತ್ತರ ತಯಾರಿತ್ತು. ಆಟ ಮುಗಿಯಲಿ. ಇಂಗ್ಲೆಂಡು ಚಲೋ ಆಡಿದರೆ ಸಾಹೇಬರು ಮೆತ್ತಗಾಗುತ್ತಾರೆ, ಆಗ ಹೇಳಿದರಾಯಿತು. ಗಡುವಿಲ್ಲದ ಆಟ ನನ್ನಂಥ ಹೇಡಿಗೆ ಎಷ್ಟು ಅನುಕೂಲವಾಯಿತು ನೋಡಿ.

ಅಲ್ಲಿಂದ ಶುರುವಾಯಿತು ನನ್ನ ಅವಸ್ಥೆ. ಅದೇ ಶುಕ್ರವಾರ ಸಂಜೆ ಕಿಟಕಿಯ ಕೆಳಗೆ ನಿಂತವನಿಗೆ ಯಾವ ಕಡೆ ನಿಲ್ಲಬೇಕೆಂದೇ ತಿಳಿಯಲಿಲ್ಲ. ಒಂದು ವಿಕೆಟ್ಟಿಗೆ ಇಂಗ್ಲೆಂಡು ಇನ್ನೂರೈವತ್ತು ದಾಟಿತ್ತು. ಅಭಿಮಾನಿಯ ಹೊಟ್ಟೆ ಉರಿಯಿತು, ಅಪರಾಧಿಯ ಹೊಟ್ಟೆ ತಣ್ಣಗಾಯಿತು. ಎರಡೂ ಒಂದೇ ಹೊಟ್ಟೆ. ಜೀವನದಲ್ಲಿ ಮೊದಲ ಸಲ ಇಂಗ್ಲೆಂಡಿನ ಸಲುವಾಗಿ ಬಸವಣ್ಣನ ಗುಡಿಗೆ ಹೋಗಿ ಕೈಮುಗಿದೆ. ಮುಗಿದ ಕೈ ಇಳಿಸುವ ಮೊದಲೇ, ಬೇಡಪ್ಪಾ, ಅವರು ಗೆಲ್ಲುವುದು ಬೇಡ, ಸುಮ್ಮನೆ ಚಲೋ ಆಡಲಿ ಎಂದು ತಿದ್ದಿ ಹೇಳಿದೆ.

ಶನಿವಾರ ಡರ್ಬನ್ನಿನಲ್ಲಿ ಮಳೆ. ಆಟವಿಲ್ಲ. ಭಾನುವಾರ ಅವರಿಗೆ ಸೂಟಿ. ಆ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ಗಂಗವ್ವ ಮಾತು ಬಿಟ್ಟಿದ್ದಳು. ರೊಟ್ಟಿಯನ್ನು ತಟ್ಟೆಗೆ ಹಾಕುವಾಗ ಆಗುವ ಸದ್ದೇ ಅವಳ ಮಾತು. ಲಕ್ಕಪ್ಪ ತನ್ನ ಗುಡಿಸಲಿನಿಂದ ಗೇಟಿನ ತನಕ ದಾರಿಯ ಜಾಲಿ ಮುಳ್ಳುಗಳನ್ನು ಸರಿಸಿ ಸರಿಸಿ ಚೀಟಿ ಹುಡುಕುತ್ತಿದ್ದ. ಆ ದಾರಿಯಲ್ಲೇ ನಾನು ಸೈಕಲ್ ಮೇಲೆ ಹೋಗಬೇಕು. ಒಮ್ಮೆ ನನ್ನನ್ನು ನಿಲ್ಲಿಸಿ, “ಕಾರಕೂನರ, ನೀವು ನನ್ನ ಕೈಯಾಗ ಕೊಟ್ರೋ, ಗೂಡಿನ್ಯಾಗ ಇಟ್ರೋ? ಅಷ್ಟಽ ಹೇಳ್ರಿ, ಹುಡಿಕ್ತೀನಿ” ಎಂದ. ನಾನು ಹೊತ್ತಾಯಿತೆಂದು ಪೆಡಲು ತುಳಿದೆ.

ಸೋಮವಾರ ಸಂಜೆ ಮೀರಾಸಾಬ ಕಾಕಾ ಕಿಟಕಿಯ ಬಳಿ ನಿಂತ ನನ್ನನ್ನು ಒಳಗೆ ಕರೆದ. ಇಂಗ್ಲೆಂಡಿಗೆ ಇನ್ನು ಇನ್ನೂರೇ ರನ್ನು ಬೇಕು, ಏಳು ವಿಕೆಟ್ಟು ಕೈಯಲ್ಲಿವೆ ಎಂದು ಆಗಷ್ಟೇ ಕೇಳಿದ್ದೆ. ಒಳಗೆ ಸಾಹೇಬರು ಸಿಳ್ಳೆ ಹಾಕುತ್ತಿದ್ದರು.

“ನಿನ್ನ ಮಂದಿ ಸೋಲಾಕತ್ಯಾರ, ಮಾರಿ ಯಾಕ ಹಂಗೂ ಇಲ್ಲ ಹಿಂಗೂ ಇಲ್ಲ?” ಎಂದ ಕಾಕಾ.

ಅವನು ಒಲೆಯಿಂದ ಪಾತ್ರೆ ಇಳಿಸಿ ಕುಳಿತ.

“ಡರ್ಬನ್ನಿನ ಆ ಮೈದಾನ ನಾ ನೋಡೀನಿ. ನಮ್ಮ ಬಣ್ಣದವರಿಗೆ ಒಂದು ಮೂಲಿ, ತಂತಿ ಬೇಲಿ ಹಿಂದ. ಆ ಟೀಮಿನ್ಯಾಗ ನಮ್ಮಂಥಾಂವ ಒಬ್ಬನೂ ಇಲ್ಲ, ಇರಾಂಗೂ ಇಲ್ಲ. ಒಂದಿನ ಚೆಂಡು ಉಳ್ಳಿಕೋತ ಬೇಲಿ ಕೆಳಗ ಬಂತು. ನಾ ಎತ್ತಿ ಒಗದೆ. ಆ ಬಿಳೇಂವ ಹಿಡದು, ಪಾಟಲೋಣಿಗೆ ಒರಸಿಕೊಂಡು, ಆಮ್ಯಾಲೆ ಬೌಲರಗ ಕೊಟ್ಟ. ಅವ ಒರಸಿದ್ದು ಧೂಳಿಗೋ ನನ್ನ ಕೈ ಮುಟ್ಟಿದ್ದಕ್ಕೋ, ಇನ್ನೂ ತಿಳಿದಿಲ್ಲ ತಮ್ಮಾ.”

“ಮತ್ತ ನೀ ಆಮ್ಯಾಲೂ ನೋಡಾಕ ಹೋದಿ?”

“ಹೋದೆ. ಆಟ ಅವರಪ್ಪಂದಲ್ಲ.” ಕಾಕಾ ಒಲೆಯ ಕೊಳ್ಳಿಯನ್ನು ಮುಂದೆ ಸರಿಸಿದ. “ಆ ಗುರುವಾರ ನೀ ಕಿಟಕಿ ಕೆಳಗ ನಿಂತಾಗ ನಿನ್ನ ಕಿಸೇದಾಗ ಚೀಟಿ ತುದಿ ಕಂಡಿದ್ದೆ. ನಾ ಸಾಹೇಬಗ ಹೇಳಾಂವಲ್ಲ. ಹೇಳಬೇಕಾದಾಂವ ನಾನಲ್ಲ.”

ಮಂಗಳವಾರ ಮಧ್ಯಾಹ್ನ ವಿಚಾರಣೆ. ಪಡಸಾಲೆಯಲ್ಲಿ ಮೇಜು, ಸಾಹೇಬರು, ಎದುರಿಗೆ ಲಕ್ಕಪ್ಪ, ಹೇಳಿಕೆ ಬರೆದುಕೊಳ್ಳಲು ನಾನು. ನನಗಿಂತ ಬೇರೆ ಕಾರಕೂನನೇ ಇರಲಿಲ್ಲ. ಲಕ್ಕಪ್ಪ ಕಂಬಳಿಯೊಳಗಿನಿಂದ ಒಂದು ದಪ್ಪ ತಂತಿ ಹೊರತೆಗೆದು ಮೇಜಿನ ಮೇಲಿಟ್ಟ. ತಂತಿಗೆ ಚುಚ್ಚಿದ ಚೀಟಿಗಳು. ಹನ್ನೊಂದು ವರ್ಷದವು. ಕೆಳಗಿನವು ಹಳದಿಯಾಗಿ, ಅಂಚು ಮುರಿದು, ಬಾಣ ಮಾಸಿದ್ದವು.

“ಒಂದೂ ಒಗದಿಲ್ರಿ. ಬಂದದ್ದೆಲ್ಲಾ ಇದರಾಗ ಐತಿ. ಆ ದಿನದ್ದು ಇಲ್ರಿ. ಯಾಕಿಲ್ಲೋ ನನಗಽ ತಿಳೀವಲ್ತು.”

ಸಾಹೇಬರು ತಂತಿಯನ್ನು ತಿರುಗಿಸಿ ನೋಡಿದರು. ಅವರ ಗಮನ ಆಗಾಗ ಒಳಗಿನ ರೇಡಿಯೋದ ಕಡೆ ಹೋಗುತ್ತಿತ್ತು. ಇವನು ಆ ಒಂದು ಚೀಟಿಯನ್ನು ಬಿಸಾಡಿದ್ದಾನೆ, ಹೇಳಿಕೆಗೆ ಹೆಬ್ಬೆಟ್ಟು ತಗೊಂಡು ವಜಾ ಆರ್ಡರು ಬರೆ ಎಂದು ನನಗೆ ಹೇಳಿದರು. ಬರೆದೆ. ಬರೆದದ್ದನ್ನು ಓದಿ ಹೇಳಿದೆ. ಲಕ್ಕಪ್ಪ ಅರ್ಥವಾಯಿತೆಂದು ಗೋಣು ಹಾಕಿದ. ನಾನು ಮಸಿಯ ಪೆಟ್ಟಿಗೆ ತೆರೆದು, ಅವನ ಹೆಬ್ಬೆರಳನ್ನು ಹಿಡಿದುಕೊಂಡೆ.

ಗೇಟಿನ ಚಕ್ರ ತಿರುಗಿಸಿ ತಿರುಗಿಸಿ ಕಲ್ಲಿನಂತಾದ ಬೆರಳು. ರಗ್ಬಿ ಆಡುವವರು ಚೆಂಡನ್ನು ಹಿಂದಿನವನ ಕೈಗೆ ಎಸೆದಂತೆ, ನನ್ನ ತಪ್ಪನ್ನು ಇವನ ಕೈಗೆ ಎಸೆದು ನಾನು ಐದು ದಿನ ಓಡಿದ್ದೆ. ಮುಂದೆ ಓಡಲು ಆಗಲಿಲ್ಲ.

“ಸಾಹೇಬ್ರ, ಚೀಟಿ ನನ್ನ ಕಡೆ ಐತಿ,” ಎಂದೆ. ಗಂಗವ್ವನ ಕೈಯಿಂದ ತೆಗೆದುಕೊಂಡು ಕೋಟಿನ ಒಳಕಿಸೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಅದನ್ನು ತೆಗೆದು ಮೇಜಿನ ಮೇಲಿಟ್ಟೆ. “ನಾ ಮುಟ್ಟಿಸಲಿಲ್ಲ. ಮರತೆ.”

ಸಾಹೇಬರ ಮುಖ ಕೆಂಪಾಗಿ, ವಾಲಿದ ಮೂಗು ಇನ್ನಷ್ಟು ಕೆಂಪಾಯಿತು. ಹೇಗೆ ಮರೆತೆ ಎಂದು ಕೇಳಿದರು. ನಿಜ ಹೇಳಿದೆ, ನಿಮ್ಮ ರೇಡಿಯೋ ಕೇಳುತ್ತ ನಿಂತಿದ್ದೆ ಎಂದು. ಅವರು ಕಣ್ಣು ಸಣ್ಣ ಮಾಡಿದರು. ಯಾರ ಕಡೆ ನೀನು ಎಂದರು.

ಅಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. “ದಕ್ಷಿಣ ಆಫ್ರಿಕಾದ ಕಡೆ,” ಎಂದೆ.

ಅವರು ಲಕ್ಕಪ್ಪನ ವಜಾ ಆರ್ಡರನ್ನು ಹರಿದು ಬುಟ್ಟಿಗೆ ಹಾಕಿದರು. ಹೊಸ ಕಾಗದ ನನ್ನ ಮುಂದೆ ತಳ್ಳಿ, ಬರೆದುಕೋ ಎಂದರು. ನನ್ನ ವಜಾ ಆರ್ಡರನ್ನು ನಾನೇ ಬರೆದೆ. ನನ್ನ ಅಕ್ಷರ ದುಂಡಗೆ, ಬಹಳ ಚೆನ್ನಾಗಿತ್ತು, ಒಂದು ತಪ್ಪೂ ಬೀಳಲಿಲ್ಲ. ಅವರು ಸಹಿ ಹಾಕಿ ಒಳಗೆ ಹೋದರು.

ಲಕ್ಕಪ್ಪ ಅಲ್ಲೇ ನಿಂತಿದ್ದ. ಚೀಟಿಯನ್ನು ಎತ್ತಿಕೊಂಡು ಗೀಟುಗಳನ್ನು ಬೆರಳಿನಿಂದ ಎಣಿಸಿದ. “ನಾಕು,” ಎಂದ. ಆಮೇಲೆ ಮೆಲ್ಲಗೆ, “ಕಾರಕೂನರ, ಐದ ದಿನ ಆತು. ನನ್ನ ತೆಲಿ ಕೆಟ್ಟೈತಿ ಅಂತ ಮನ್ಯಾಗ ಅನ್ನಾಕ ಹತ್ತಿದ್ರು. ನಾನೂ ನಂಬಾಕ ಹತ್ತಿದ್ದೆ,” ಎಂದ. ಅಷ್ಟು ಹೇಳಿ ಚೀಟಿಯನ್ನು ತಂತಿಗೆ ಚುಚ್ಚಿ, ಸರಿಯಾಗಿ ಕೆಳಗೆ ಜಗ್ಗಿ, ಕಂಬಳಿಯೊಳಗಿಟ್ಟುಕೊಂಡು ಗೇಟಿನ ಕಡೆಗೆ ನಡೆದ. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಂದು ಸಂಜೆ ನಾನು ಕಿಟಕಿಯ ಕೆಳಗೆ ನಿಲ್ಲಲಿಲ್ಲ. ಮನೆಯಲ್ಲಿ ನಡೆದದ್ದನ್ನು ಹೇಳಿದಾಗ ಗಂಗವ್ವ ಎರಡು ಬಿಸಿ ರೊಟ್ಟಿ ಹಾಕಿ, ಎದುರಿಗೆ ಕುಳಿತಳು. ನಾನು ಉಂಡು ಮುಗಿಸಿದ ಮೇಲೆ, “ಇನ್ನ ಕುಲಗೋಡಕ್ಕ ಹೋಗೂದು ಉಳೀತಲ್ರಿ,” ಎಂದಳು. ನಾನು ಅದನ್ನು ಮರೆತಂತೆ ನಟಿಸಬೇಕೆಂದಿದ್ದೆ. ಆಗಲಿಲ್ಲ.

ಮರುದಿನ ಗಂಗವ್ವನ ಜೊತೆ ಹೊರಡುವಾಗ ಮೀರಾಸಾಬ ಕಾಕಾ ದಾರಿಯಲ್ಲಿ ಸಿಕ್ಕು ಆಟದ ಸುದ್ದಿ ಹೇಳಿದ. ಇಂಗ್ಲೆಂಡಿಗೆ ಇನ್ನು ನಲವತ್ತೆರಡು ರನ್ನಷ್ಟೇ ಬೇಕಿದ್ದಾಗ ಮಳೆ ಹೊಡೆಯಿತಂತೆ. ದೂರದ ಬೇರೊಂದು ಬಂದರಿನಿಂದ ಅವರ ಹಡಗು ಹೊರಡುವ ಹೊತ್ತಾಗಿತ್ತಂತೆ. ಹತ್ತು ದಿನ ಆಡಿದ್ದನ್ನು ಹಾಗೇ ಬಿಟ್ಟು ರೈಲು ಹತ್ತಿದರಂತೆ. ಸಾಹೇಬರು ರಾತ್ರಿ ಊಟ ಮುಟ್ಟಲಿಲ್ಲವಂತೆ.

ಕುಲಗೋಡದಲ್ಲಿ ನೀರು ಇಂಗಿತ್ತು. ಕಣಗಳ ತುಂಬ ಹುಳಿ ವಾಸನೆ. ನಾವು ಮೊದಲು ಹೋದದ್ದು ಒಬ್ಬ ಮುದುಕಿಯ ಕಣಕ್ಕೆ, ಸಾವಂತ್ರೆವ್ವ ಎಂದು ಹೆಸರು. ಮಗ, ಸೊಸೆ, ಅವಳು ಮೂವರೂ ಕುಳಿತು, ಕಪ್ಪಾಗಿ ಮೊಳಕೆಯೊಡೆದ ತೆನೆಗಳನ್ನು ಒಂದು ಕಡೆ, ಉಳಿದುಕೊಂಡ ತೆನೆಗಳನ್ನು ಒಂದು ಕಡೆ ಆರಿಸುತ್ತಿದ್ದರು. ದನಕ್ಕೆ ಹಾಕುವ ಗುಡ್ಡೆಯೇ ದೊಡ್ಡದಿತ್ತು. ನಾನು ಯಾರೆಂದು ಹೇಳಿದೆ, ಏನು ಮಾಡಿದೆನೆಂದೂ ಹೇಳಿದೆ. ಮಗ ಎದ್ದು ನಿಂತ. ಕೈಯಲ್ಲಿ ಕುಡಗೋಲಿತ್ತು. ಮುದುಕಿ ಅವನ ಧೋತರ ಹಿಡಿದು ಜಗ್ಗಿ ಕೂರಿಸಿದಳು.

“ನೀರು ಬಂದ ಮ್ಯಾಲೆ ಯಾರೂ ಬಂದಿರಲಿಲ್ಲ. ಇಂವ ಬಂದಾನ. ಕುಂಡ್ರು,” ಎಂದಳು. ಮಗನಿಗೋ ನನಗೋ ತಿಳಿಯಲಿಲ್ಲ. ಇಬ್ಬರೂ ಕುಳಿತೆವು. ಗಂಗವ್ವ ಆಗಲೇ ಸೆರಗು ಸಿಕ್ಕಿಸಿಕೊಂಡು ತೆನೆಗೆ ಕೈ ಹಾಕಿದ್ದಳು.

ನಾನೂ ತೆನೆ ಆರಿಸತೊಡಗಿದೆ. ಆಮೇಲೆ ಮುದುಕಿ ತಲೆ ಎತ್ತದೆಯೇ ಕೇಳಿದಳು.

“ಅಲ್ಲೋ ಯಪ್ಪಾ, ಅದ್ಯಾವುದೋ ಆಟ ಅಂದೆಲ್ಲ. ಗೆದ್ದವ್ರು ಯಾರು?”

“ಯಾರೂ ಗೆಲ್ಲಲಿಲ್ಲಬೇ. ಹತ್ತ ದಿನ ಆಡಿದ್ರು. ಹಡಗಿನ ಹೊತ್ತಾತು ಅಂತ ಅರ್ಧಕ್ಕ ಬಿಟ್ಟು ಹ್ವಾದ್ರು.”

ಮುದುಕಿಯ ಕೈ ನಿಂತಿತು. ಮೊಳಕೆ ಬಂದ ತೆನೆಯೊಂದನ್ನು ಬಿಸಿಲಿಗೆ ಹಿಡಿದು, ಹೊರಳಿಸಿ ಹೊರಳಿಸಿ ನೋಡಿದಳು.

“ಹಂಗಾರ ನನ್ನ ಜ್ವಾಳ ಯಾರ ಸಲುವಾಗಿ ನೆನೀತು?”